ಬುಟ್ಟಿ ಕೆಳಗಿನ ಹಾವು

ವಿಷವಿಲ್ಲದ ಹಾವೆಂದರೆ ಭರತೇಶನಿಗೆ ಅಸಡ್ಡೆ. ಸಾಂಗ್ಲಿಯ ಅರಿಷಿಣ ಪೇಟೆಯಲ್ಲಿ ಗುಮಾಸ್ತನಾಗಿದ್ದ ಅವನ ಮೊಬೈಲಿನಲ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲಗಳ ನಾಲ್ಕು ನೂರು ಫೋಟೋಗಳಿದ್ದವು. ಎಲ್ಲವೂ ಬೇರೆಯವರು ಹಿಡಿದವು. ಅವನು ಸ್ವತಃ ಹಿಡಿದದ್ದು ಆರು ಕೇರೆಹಾವು, ಅಷ್ಟೇ. ಖಂಡೇರಾಜುರಿಯ ಲಗಮಣ್ಣ ಇಪ್ಪತ್ತು ವರ್ಷದಿಂದ ಹಾವು ಹಿಡಿಯುವವನು. ಒಂದು ಪುಸ್ತಕವನ್ನೂ ಓದಿಲ್ಲವೆಂದು ಭರತೇಶ ಅವನನ್ನು ‘ಪುಂಗಿವಾಲಾ’ ಎಂದು ಹೀಯಾಳಿಸುತ್ತಿದ್ದ.

ರವಿವಾರ ಬೆಳಿಗ್ಗೆ ಸಾಂಗ್ಲಿವಾಡಿಯಿಂದ ಚಿಕ್ಕಮ್ಮ ಪದ್ಮವ್ವ ಫೋನ್ ಮಾಡಿದಳು. ಅರಿಷಿಣದ ಒಣ ಎಲೆ ಗುಡಿಸುವಾಗ ಹಾವು ಕಂಡಿತ್ತು, ಮೇಲೆ ಬುಟ್ಟಿ ಕವುಚಿಟ್ಟಿದ್ದಳು. ಜೈನರ ಮನೆ, ಹೊಡೆಯುವ ಮಾತೇ ಇಲ್ಲ.

ಭರತೇಶ ಸೇತುವೆ ದಾಟಿ ಬಂದು ಕೋಲಿನಿಂದ ಬುಟ್ಟಿಯ ಅಂಚು ಎತ್ತಿ ನೋಡಿದ. ಎರಡು ಗೇಣಿಲ್ಲದ ಹಾವು. ಗಿಡ್ಡ ದಪ್ಪ ಮೈ, ಕಂದು ಮಚ್ಚೆ. ತಲೆ ಮೈಯಡಿ ಹುದುಗಿತ್ತು. ಅವನಿಗೆ ನಿರಾಸೆಯಾಯಿತು. ಫೋಟೋ ಕೂಡ ತೆಗೆಯಲಿಲ್ಲ.

"ಕಾಕು, ಇದು ಮಣ್ಣುಮುಕ್ಕ ಹಾವ್ರಿ. ವಿಷಾನ ಇಲ್ಲ. ನೀವು ಕೈಲೆ ಹಿಡದ್ರೂ ಏನೂ ಮಾಡೂದಿಲ್ಲ."

"ಖರೇನ? ಹಂಗಾದ್ರ ನಿನ್ನ ಯಾಕ ಕರೀತಿದ್ನಿ, ನಾನ ಒಡ್ಡಿನ ಮ್ಯಾಲ ಬಿಟ್ಟ ಬರ್ತಿದ್ನೆಲ್ಲೋ!"

ಹಿಡಿದು ತೋರಿಸಿಯೇ ಬಿಡೋಣವೆಂದು ಅವನು ಕೈ ಹಾಕಿದ. ಹಾವು ನಡುಬೆರಳಿಗೆ ಕಚ್ಚಿತು. ಕೈ ಕೊಡವಿ ಬುಟ್ಟಿಯನ್ನು ಮತ್ತೆ ಕವುಚಿದ.

"ಏನೋ ಪಂಡಿತ, ಗರೀಬ ಹಾವು ಕಡೀತಲ್ಲ?"

"ಕಡದ್ರೇನ್ರಿ, ಸೂಜಿ ಚುಚ್ಚಿದಂಗ ಅಷ್ಟ."

ಹತ್ತು ನಿಮಿಷದಲ್ಲಿ ಬೆರಳು ಬದನೆಕಾಯಿಯಂತಾಯಿತು. ಪದ್ಮವ್ವನ ಮಗ ನೀಲೇಶ, "ಚಲ್ ದಾದಾ, ಮಿರಜ" ಎಂದು ಬೈಕ್ ಚಾಲೂ ಮಾಡಿದ.

"ಹೋಗಿ ಬರ್ರಿ," ಎಂದಳು ಪದ್ಮವ್ವ. "ಬಸದಿಗೆ ಹೋಗಿ ಬಂದು ಇದನ್ನ ನಾನ ಒಡ್ಡಿಗೆ ಬಿಡ್ತೇನಿ. ಪಾಪ, ಬಿಸಲಾಗ ಐತಿ."

ಭರತೇಶ ಬೇಡ ಎನ್ನಲಿಲ್ಲ.

ಮಿರಜಿನ ಆಸ್ಪತ್ರೆಯಲ್ಲಿ ಡಾಕ್ಟರ್ ಯಾವ ಹಾವೆಂದು ಕೇಳಿದರು. ವಿಷವಿಲ್ಲದ್ದು ಎಂದ. ಅವರು ಅದನ್ನು ಕೇಸ್ ಪೇಪರಿನಲ್ಲಿ ಬರೆದುಕೊಂಡರು, ಬೆರಳು ನೋಡಿದರು, ಅವನ ರಕ್ತ ತೆಗೆದು ಗಾಜಿನ ನಳಿಗೆಯಲ್ಲಿ ಹಾಕಿ ನಿಲ್ಲಿಸಿದರು. ಇಪ್ಪತ್ತು ನಿಮಿಷ ಅದನ್ನು ಅಲುಗಿಸುವಂತಿಲ್ಲ. ಹೆಪ್ಪುಗಟ್ಟಿದರೆ ಸರಿ, ಇಲ್ಲವಾದರೆ ಮಂಡಲದ ವಿಷ. ಭರತೇಶನಿಗೆ ಇದು ಬಾಯಿಪಾಠ. ವಾಟ್ಸಾಪ್ ಗ್ರೂಪಿನಲ್ಲಿ ಎಷ್ಟೋ ಸಲ ಬರೆದಿದ್ದ.

ಏಳನೇ ನಿಮಿಷಕ್ಕೆ ಅವನಿಗೆ ಒಂದು ಸದ್ದು ನೆನಪಾಯಿತು. ಬುಟ್ಟಿ ಎತ್ತುವಾಗ ಕುಕ್ಕರಿನಿಂದ ಉಗಿ ಬಿಟ್ಟಂತೆ ಕೇಳಿಸಿತ್ತು. ಬುಟ್ಟಿ ನೆಲಕ್ಕೆ ಉಜ್ಜಿರಬೇಕು ಎಂದುಕೊಂಡಿದ್ದ. ಮಣ್ಣುಮುಕ್ಕ ಹಾಗೆ ಬುಸುಗುಡುವುದಿಲ್ಲ.

ನಳಿಗೆಯ ರಕ್ತ ಹೆಪ್ಪುಗಟ್ಟಿದರೆ ಯಾರಿಗೂ ಏನೂ ಹೇಳಬೇಕಿಲ್ಲ. ಆದರೆ ಪದ್ಮವ್ವ ಇಷ್ಟರಲ್ಲಿ ಬಸದಿಯಿಂದ ಬಂದಿರಬೇಕು. ಅವನು ಎಡಗೈಯಲ್ಲಿ ಫೋನ್ ಹಚ್ಚಿದ.

"ಕಾಕು, ಬುಟ್ಟಿ ಎತ್ತಬ್ಯಾಡ್ರಿ."

"ಎತ್ತಾಕಂತನ ಬಗ್ಗೇನಿ. ಯಾಕೋ?"

"ಅದು ಕೊಳಕುಮಂಡಲ ಐತ್ರಿ. ನಾ ತಪ್ಪ ಹೇಳೇನಿ."

ಆ ಕಡೆ ಅವಳು ಹಿಂದೆ ಸರಿದ ಸದ್ದು ಕೇಳಿಸಿತು.

"ದಿನಾ ಹಾವಿನ ಫೋಟೋ ತೋರಿಸಿ ನನ್ನ ತಲಿ ತಿಂತಿದ್ದಿ. ಎದುರಿಗಿದ್ದದ್ದು ಗುರ್ತ ಹತ್ತಲಿಲ್ಲೇನೋ ಮೂಳಾ?" ಆಮೇಲೆ ಅವಳ ದನಿ ಇಳಿಯಿತು. "ಕೈ ಹ್ಯಾಂಗೈತಿ? ... ಇರ್ಲಿ, ಬುಟ್ಟಿ ಮ್ಯಾಲ ಕಲ್ಲ ಹೇರ್ತೇನಿ. ಬಿಡಾಕ ಯಾರ್ನ ಕರೀಲಿ?"

ಭರತೇಶ ಲಗಮಣ್ಣನ ನಂಬರ್ ಹೇಳಿದ.

"ಅಂವ ನಿನ್ನ ಪುಂಗಿವಾಲಾ ಅಲ್ಲೇನು?"

"ಅಂವನ. ಲಗೂನ ಕರೀರಿ."

ಪಕ್ಕದಲ್ಲಿ ನೀಲೇಶ ನಗಲಿಲ್ಲ.

ಇಪ್ಪತ್ತು ನಿಮಿಷಕ್ಕೆ ನರ್ಸ್ ನಳಿಗೆಯನ್ನು ಓರೆ ಮಾಡಿದಳು. ರಕ್ತ ನೀರಿನಂತೆ ಅಂಚಿಗೆ ಜಾರಿತು. ಡಾಕ್ಟರ್ ಕೇಸ್ ಪೇಪರಿನಲ್ಲಿದ್ದ ‘ವಿಷವಿಲ್ಲದ ಹಾವು’ ಎಂಬುದರ ಮೇಲೆ ಗೆರೆ ಎಳೆದು, ಪ್ರತಿವಿಷದ ಸಲೈನಿಗಾಗಿ ಅವನ ಇನ್ನೊಂದು ಕೈ ಕೇಳಿದರು. ಭರತೇಶ ಫೋನ್ ಕೆಳಗಿಟ್ಟು ಕೈ ಚಾಚಿದ.