ಆರಿಸಿದ ಕಲ್ಲು

ಕಲ್ಲು ಆರಿಸುವ ಯೋಚನೆ ಹೊಂಬಾಳಮ್ಮನದು. ಆಮೇಲೆ ಪಾಳ್ಯದವರು ಆ ಕತೆಯನ್ನು ತಮಗೆ ಬೇಕಾದ ಹಾಗೆ ತಿರುಚಿಕೊಂಡರು, ಅದು ಬೇರೆ ಮಾತು. ಅವಳು ಮಾತ್ರ ಯಾವತ್ತೂ ನಾನಲ್ಲ ಅನ್ನಲಿಲ್ಲ.

ಕುಣಿಗಲ್ಲಿನಿಂದ ಅಮೃತೂರಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹಂದಿಗುಡ್ಡ ಅಂತ ಒಂದಿದೆ. ಅದರ ಬುಡದಲ್ಲಿದ್ದ ಪಾಳ್ಯದ ಜನಕ್ಕೆ ಸ್ವಂತದ್ದು ಅಂತ ಒಂದು ಗೇಣು ನೆಲವಿರಲಿಲ್ಲ. ಕಂಡವರ ತೋಟದಲ್ಲಿ ತೆಂಗಿನಕಾಯಿ ಸುಲಿಯುವುದು, ಕಂಡವರ ಗದ್ದೆಯಲ್ಲಿ ನಾಟಿ ಹಾಕುವುದು, ಇಷ್ಟರಲ್ಲೇ ಅಜ್ಜಂದಿರ ಕಾಲವೂ ಕಳೆದಿತ್ತು, ಅಪ್ಪಂದಿರ ಕಾಲವೂ ಕಳೆದಿತ್ತು. ಸ್ವಾತಂತ್ರ್ಯ ಬಂದು ಹದಿಮೂರೋ ಹದಿನಾಲ್ಕೋ ವರ್ಷ ಆದಮೇಲೆ ಸರ್ಕಾರಕ್ಕೆ ಇವರ ನೆನಪಾಯಿತು. ಗುಡ್ಡದ ಇಳಿಜಾರನ್ನು ದರಖಾಸ್ತು ಕೊಡುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಆದರೆ ಸುಮ್ಮನೆ ಕೊಟ್ಟುಬಿಡುವುದು ಸರ್ಕಾರದ ಜಾಯಮಾನವಲ್ಲವಲ್ಲ. ಮೊದಲು ಮಣ್ಣು ನೋಡುವವರು ಬರಬೇಕು, ಉಳುಮೆಗೆ ಲಾಯಕ್ಕು ಎಂದು ದರ್ಜೆ ಬರೆಯಬೇಕು, ಆಮೇಲೆ ಅಮಲ್ದಾರರು ರುಜು ಹಾಕಬೇಕು.

ಮಣ್ಣು ನೋಡುವವರ ಹೆಸರು ಅನಂತರಾಮಯ್ಯ. ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಮನೆ, ತಲೆಗೊಂದು ಟೋಪಿ, ಹೆಗಲಿಗೊಂದು ಚೀಲ. ಗುಬ್ಬಿ ಸೀಮೆಯಲ್ಲಿ ನಿಟ್ಟೂರಿನ ತನಕ ಹೊಲಗಳನ್ನು ಮುಗಿಸಿಕೊಂಡು ಈ ಕಡೆಗೆ ಬಂದಿದ್ದರು. ಪಾಳ್ಯಕ್ಕೆ ಬರುವ ಮುಂಚೆ ಅವರು ಪಕ್ಕದ ಬೋರೆ ದಿಬ್ಬದ ಮೇಲೆ ಗುಂಡಿ ತೋಡಿಸಿದರು, ಆ ಕೂಲಿಗೆ ಹೊಂಬಾಳಮ್ಮ ಹೋಗಿದ್ದಳು. ಹೋದವಳು ಮಣ್ಣು ಹೊತ್ತು ಹಾಕಿ ಬರಬಾರದೇ? ಇವಳ ಕಣ್ಣೆಲ್ಲ ಆ ಮನುಷ್ಯನ ಕೈ ಮೇಲೆ.

ಅವರು ಗುಂಡಿಯ ಗೋಡೆಯಿಂದ ಹೆಂಟೆ ಕಿತ್ತು ಮುರಿದು ಬಣ್ಣ ನೋಡುತ್ತಿದ್ದರು. ನೀರು ಹನಿಸಿ ಹಿಟ್ಟಿನ ಹಾಗೆ ನಾದಿ, ಅಂಗೈಯಲ್ಲಿ ಬತ್ತಿ ಹೊಸೆದು, ಬತ್ತಿಯನ್ನು ಬಳೆಯ ಹಾಗೆ ಬಗ್ಗಿಸುತ್ತಿದ್ದರು. ಬಳೆ ಬಿರುಕು ಬಿಡಲಿಲ್ಲ. ಅಂದರೆ ಜೇಡಿ ಜಾಸ್ತಿ. ಆಮೇಲೆ ಅದೇ ಮಣ್ಣಿನಿಂದ ಕಲ್ಲು, ಗರಸು ಬೇರೆ ಮಾಡಿ ಒಂದು ಕಡೆ ಗುಡ್ಡೆ ಹಾಕಿಸಿದರು. ಮಣ್ಣಿನ ಗುಡ್ಡೆಯಷ್ಟೇ ಕಲ್ಲಿನ ಗುಡ್ಡೆಯೂ ಎದ್ದು ನಿಂತಿತು. ತಲೆ ಅಲ್ಲಾಡಿಸಿ, ಉಳುಮೆಗೆ ಸಲ್ಲದು ಅಂದುಬಿಟ್ಟರು. ಬೋರೆ ಕೇಳಿದ್ದ ಜನ ಬರಿಗೈಯಲ್ಲಿ ಮನೆಗೆ ಹೋದರು.

ಅವತ್ತು ಸಂಜೆ ಮುದ್ದೆ ತೊಳಸುತ್ತಾ ಹೊಂಬಾಳಮ್ಮ ಗಂಡ ದಾಸಯ್ಯನಿಗೆ ಹೇಳಿದಳು. "ಮಣ್ಣೇನು ಕೆಟ್ಟದ್ದಲ್ಲ ಕಣಯ್ಯ. ಆಯಪ್ಪ ತಲೆ ಆಡ್ಸಿದ್ದು ಕಲ್ಲು ನೋಡಿ. ನಮ್ ಗುಡ್ಡದ ಕಲ್ಲ ನಾವೇ ಆರ್ಸಿ ಹಾಕುದ್ರೆ?"

ದಾಸಯ್ಯ ಮಾತು ಕಡಿಮೆಯ ಮನುಷ್ಯ. ಮಕ್ಕಳಿರಲಿಲ್ಲ, ಇದ್ದದ್ದು ಒಂದು ಜೊತೆ ಕರು ಮತ್ತು ಹೊಲ ಎಂಬ ಒಂದು ಆಸೆ. ಹೆಂಡತಿಯ ಮಾತು ಅವನಿಗೆ ಸರಿ ಕಂಡಿತು. ಪಕ್ಕದ ಮನೆಯ ಗಂಗಣ್ಣನಿಗೂ ಅವನ ಹೆಂಡತಿ ಚೆನ್ನಮ್ಮನಿಗೂ ಸರಿ ಕಂಡಿತು. ನೋಡುತ್ತಾ ನೋಡುತ್ತಾ ಇಡೀ ಪಾಳ್ಯಕ್ಕೆ ಸರಿ ಕಂಡಿತು.

ಬೇಸಿಗೆಯೆಲ್ಲ ಕಲ್ಲು ಹೊತ್ತರು. ಗಂಡಸರು ಹಾರೆ ಹಾಕಿ ಮೀಟುವುದು, ಹೆಂಗಸರು ಸಿಂಬೆ ಇಟ್ಟು ತಲೆ ಮೇಲೆ ಹೊರುವುದು. ಬೆಳಿಗ್ಗೆ ಕೂಲಿ, ಹೊತ್ತು ಇಳಿದ ಮೇಲೆ ಕಲ್ಲು. ಒಂದು ಕಲ್ಲಂತೂ ಹೊಂಬಾಳಮ್ಮನ ಪ್ರಾಣ ತಿಂದಿತ್ತು. ಕರೀ ಕಲ್ಲು, ನಡುವೆ ವಿಭೂತಿ ಬಳಿದ ಹಾಗೆ ಬಿಳೀ ಪಟ್ಟೆ. ಅದನ್ನು ಹೊತ್ತ ಮೇಲೆ ಅವಳ ಕತ್ತು ಒಂದು ವಾರ ತಿರುಗಲಿಲ್ಲ. ದಾಸಯ್ಯ ಎಣ್ಣೆ ಕಾಯಿಸಿ ತಿಕ್ಕಿದ, ಹೊಲ ಬಂದಮೇಲೆ ನಿನ್ನ ಕೈಯಲ್ಲಿ ಒಂದು ಕಡ್ಡಿಯನ್ನೂ ಹೊರಿಸುವುದಿಲ್ಲ ಎಂದ. ಅವಳಿಗೆ ನಗು ಬಂತು, ಸಂತೋಷವೂ ಆಯಿತು.

ಆರಿಸಿದ ಕಲ್ಲನ್ನು ಎಲ್ಲಿ ಹಾಕುವುದು ಎಂಬುದಕ್ಕೆ ಮಾತ್ರ ಸ್ವಲ್ಪ ಜಗಳವಾಯಿತು. ಕೆಳಕ್ಕೆ ಉರುಳಿಸುವುದು ಸುಲಭ, ಮೇಲಕ್ಕೆ ಹೊರುವುದು ಪ್ರಾಣಸಂಕಟ. ಆದರೆ ರಸ್ತೆ ಇರುವುದು ಕೆಳಗೆ. ಅನಂತರಾಮಯ್ಯ ಬರುವುದೂ ಕೆಳಗಿನಿಂದಲೇ. ಹೊಸ ಗುಡ್ಡೆ ಕಣ್ಣಿಗೆ ಬಿದ್ದರೆ ಬಣ್ಣ ಬಯಲಾಗುತ್ತದೆ. ಮೇಲಕ್ಕೇ ಹೊರೋಣ, ಹೊಲದ ನೆತ್ತಿಯ ಮೇಲೆ ಲಂಟಾನದ ಪೊದೆ ಹಿಂದೆ ಹಾಕೋಣ ಅಂದವಳೂ ಹೊಂಬಾಳಮ್ಮನೇ. ದಾಸಯ್ಯ ಕೇಳಿದ್ದ ಪಾಲಿನ ನೆತ್ತಿಯ ಮೇಲೆ ಒಂದು ಗುಡ್ಡೆ ಎದ್ದಿತು, ಗಂಗಣ್ಣ ಕೇಳಿದ್ದ ಪಾಲಿನ ನೆತ್ತಿಯ ಮೇಲೆ ಇನ್ನೊಂದು. ಕಲ್ಲು ಕಿತ್ತ ಕುಳಿಗಳನ್ನು ಮುಚ್ಚಿ ಮೇಲೆ ಮೇಕೆ ಓಡಾಡಿಸಿದರು.

ಅನಂತರಾಮಯ್ಯ ಬಂದರು. ಗುಂಡಿ ಎಲ್ಲಿ ತೋಡಬೇಕೆಂದು ಪಾಳ್ಯದವರೇ ಜಾಗ ತೋರಿಸಿದರು. ಬತ್ತಿ ಹೊಸೆದರು, ಬಳೆ ಬಗ್ಗಿಸಿದರು. ಪಕ್ಕದ ಬೋರೆಯಲ್ಲಿ ಅಷ್ಟು ಕಲ್ಲಿದೆ, ಇಲ್ಲೇಕಿಲ್ಲ ಎಂದು ಒಂದು ಸಲ ಕೇಳಿದರು. ನಮ್ಮ ಗುಡ್ಡ ಮೊದಲಿಂದ ಹೀಗೇ ಎಂದಳು ಹೊಂಬಾಳಮ್ಮ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಬಿಸಿಲು ಸುಡುತ್ತಿತ್ತು. ಅವರು ನೆತ್ತಿಯ ತನಕ ಹತ್ತಲಿಲ್ಲ. ಬದು ಹಾಕಿಕೊಂಡು ಉಳಬಹುದು ಎಂದು ಬರೆದುಕೊಂಡು, ಕೊಟ್ಟ ಮಜ್ಜಿಗೆ ಕುಡಿದು ಹೋದರು. ಪಾಳ್ಯದಲ್ಲಿ ಅವತ್ತು ಎಲ್ಲರ ಮನೆಯಲ್ಲೂ ಪಾಯಸ.

ಹೊಲ ಬಂತು. ಮಾರನೆಯ ವರ್ಷ ರಾಗಿಯೂ ಬಂತು, ಸುಳ್ಳು ಹೇಳಬಾರದು, ಚೆನ್ನಾಗಿಯೇ ಬಂತು. ಕಾಡುಹಂದಿಯಿಂದ ಪೈರು ಕಾಯಬೇಕೆಂದು ದಾಸಯ್ಯನೂ ಗಂಗಣ್ಣನೂ ತಂತಮ್ಮ ಹೊಲದಲ್ಲೇ ಗುಡಿಸಲು ಹಾಕಿಕೊಂಡರು. ದಾಸಯ್ಯ ಕರುಗಳನ್ನೂ ಅಲ್ಲಿಗೇ ಹೊಡೆದುಕೊಂಡು ಹೋದ. ಎರಡನೆಯ ವರ್ಷ ತೆನೆ ಕಟ್ಟುವ ಹೊತ್ತಿಗೆ ಸ್ವಾತಿ ಮಳೆ ಹಿಡಿದುಕೊಂಡಿತು. ಹಿಡಿದದ್ದು ಬಿಡಲೇ ಇಲ್ಲ. ಕಾಲಿಟ್ಟರೆ ಕೆಂಪು ಜೇಡಿ ಮೊಣಕಾಲ ತನಕ ನುಂಗುತ್ತಿತ್ತು.

ಒಂದು ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಹೊಂಬಾಳಮ್ಮ ಒಲೆಗೆ ಒಣ ಸೌದೆ ತರಲು ಪಾಳ್ಯಕ್ಕೆ ಇಳಿದಿದ್ದಳು. ಹಿಂದಿನಿಂದ ಗಾಡಿ ಮಗುಚಿದಂಥ ಸದ್ದಾಯಿತು. ತಿರುಗಿ ನೋಡಿದರೆ ಹೊಲದ ಮೇಲ್ಭಾಗ ರಾಗಿ ಪೈರನ್ನು ಹೊತ್ತುಕೊಂಡೇ ಕೆಳಕ್ಕೆ ಜಾರುತ್ತಿತ್ತು. ಅದರ ಮೇಲೆ ಕಲ್ಲಿನ ಗುಡ್ಡೆ. ಗುಡಿಸಲು ಇದ್ದ ಜಾಗದಲ್ಲಿ ಗುಡಿಸಲಿರಲಿಲ್ಲ.

ಗಂಡಸರು ಹಾರೆ ಗುದ್ದಲಿ ಹಿಡಿದು ಓಡಿದರು. ಮಧ್ಯಾಹ್ನದ ಹೊತ್ತಿಗೆ ದಾಸಯ್ಯ ಸಿಕ್ಕ, ಕರುಗಳ ಕಣ್ಣಿ ಕೈಯಲ್ಲೇ ಇತ್ತು. ಎದೆಯ ಮೇಲೆ ಒಂದು ಕಲ್ಲು. ಗಂಗಣ್ಣ ಅದನ್ನು ಮೀಟಿ ಪಕ್ಕಕ್ಕೆ ಉರುಳಿಸಿದಾಗ ಕೆಸರು ಜಾರಿ ಬಿಳೀ ಪಟ್ಟೆ ಕಾಣಿಸಿತು. ಹೊಂಬಾಳಮ್ಮನಿಗೆ ಅದರ ಗುರುತು ಹತ್ತಿತು. ಅಲ್ಲಿದ್ದವರೆಲ್ಲ ಅವಳು ಗಂಡನ ಮುಖ ನೋಡಿ ಅಳುತ್ತಾಳೆಂದುಕೊಂಡರು. ಅವಳು ಕಲ್ಲನ್ನು ನೋಡುತ್ತಿದ್ದಳು.

ತಿಥಿ ಮುಗಿಯುವ ಮುಂಚೆಯೇ ಪಾಳ್ಯದವರು ಸೇರಿ ಮಾತಾಡಿಕೊಂಡರು. ಸತ್ತದ್ದು ಮಳೆಯಿಂದ, ದೈವದ ಕೋಪದಿಂದ, ಕಲ್ಲಿನ ಸುದ್ದಿ ಯಾರ ಬಾಯಿಂದಲೂ ಬರಕೂಡದು. ಅನಂತರಾಮಯ್ಯ ಮತ್ತೆ ಬರುತ್ತಾರಂತೆ. ಅವರಿಗೆ ಗೊತ್ತಾದರೆ ಎಲ್ಲರ ಹೊಲವೂ ಹೋಯಿತು. ಗಂಗಣ್ಣ ಇವಳ ಜಗುಲಿಯ ಮೇಲೆ ಕೂತು ಕಣ್ಣೊರೆಸಿಕೊಂಡು ಕೇಳಿದ. "ದಾಸಣ್ಣ ತಿರ್ಗ ಬರಾಕಿಲ್ಲ ಕಣಕ್ಕ. ನಮ್ ಹೊಲಾನಾದ್ರೂ ಉಳೀಲಿ ಬುಡು."

ಅವನು ಕೇಳಿದ್ದರಲ್ಲಿ ತಪ್ಪೇನಿತ್ತು? ಅವಳೂ ಹೂಂ ಎಂದಳು. ಹೂಂ ಎಂದವಳು ಅಂಗಳಕ್ಕೆ ಬಂದು ಗುಡ್ಡದ ಕಡೆ ನೋಡಿದಳು. ಗಂಗಣ್ಣನ ಹೊಲದ ನೆತ್ತಿಯ ಮೇಲಿನ ಗುಡ್ಡೆ ಹಾಗೇ ಕೂತಿತ್ತು, ಅದರ ಕೆಳಗೆ ಅವನ ಗುಡಿಸಲು, ಗುಡಿಸಲಲ್ಲಿ ಚೆನ್ನಮ್ಮ ಮತ್ತು ಅವಳ ಮಕ್ಕಳು.

ಅನಂತರಾಮಯ್ಯ ಬಂದವರು ಜಾರಿದ ಜಾಗದಲ್ಲಿ ಬಹಳ ಹೊತ್ತು ನಿಂತರು. ಈ ಮಣ್ಣು ತಾನಾಗಿ ಹೀಗೆ ಜಾರುವಂಥದ್ದಲ್ಲವಲ್ಲ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಪಾಳ್ಯದವರು ನೆಲ ನೋಡುತ್ತಾ ನಿಂತಿದ್ದರು. ಹೊಂಬಾಳಮ್ಮ ಮುಂದೆ ಬಂದು, "ಬನ್ನಿ ಸ್ವಾಮಿ, ಮೇಲೆ ಒಂದು ತೋರಿಸ್ಬೇಕು," ಎಂದಳು. ಗಂಗಣ್ಣ ಅವಳ ಹೆಸರು ಹಿಡಿದು ಒಂದು ಸಲ ಕರೆದ. ಅವಳು ನಿಲ್ಲಲಿಲ್ಲ.

ಲಂಟಾನ ಸರಿಸಿ ಗಂಗಣ್ಣನ ಹೊಲದ ಗುಡ್ಡೆ ತೋರಿಸಿದಳು. ಬೇಸಿಗೆಯ ಕತೆಯನ್ನೆಲ್ಲ ಹೇಳಿದಳು. ಗುಡ್ಡೆಯ ಹಿಂದೆ ನೆಲ ಬಿರಿದು ಕೈ ತೂರುವಷ್ಟು ಸೀಳು ಬಿಟ್ಟಿತ್ತು. ಅನಂತರಾಮಯ್ಯ ಸೀಳಿನೊಳಗೆ ಕೈ ತೂರಿಸಿ ನೋಡಿ ಹಿಂದಕ್ಕೆ ಸರಿದರು.

"ಕಲ್ಲೂ ಮಣ್ಣಿನ ಲೆಕ್ಕವೇ ಕಣಮ್ಮ," ಎಂದರು. "ಜೇಡಿ ನೀರು ಕುಡಿದರೆ ಉಬ್ಬುತ್ತೆ, ಜಾರುತ್ತೆ. ನೀರು ಬಸಿಯೋದಕ್ಕೂ, ಜಾರದ ಹಾಗೆ ಹಿಡಿಯೋದಕ್ಕೂ ಅಂತ ಮಣ್ಣಿನೊಳಗೆ ಈ ಕಲ್ಲಿತ್ತು. ಅದನ್ನ ಕಿತ್ತು ತಲೆ ಮೇಲೆ ಹೊರಿಸಿಬಿಟ್ರಿ. ನಾನಾದರೂ ಅವತ್ತು ಇಲ್ಲೀ ತನಕ ಹತ್ತಬೇಕಿತ್ತು."

ಗುಡ್ಡೆಯೊಂದನ್ನು ಇಳಿಸಿ ಹೊಲ ಉಳಿಸಿಕೊಡಿ ಎಂದು ಅವಳು ಕೈಮುಗಿದಳು. ಇನ್ನು ಅದನ್ನು ಮುಟ್ಟುವುದೇ ಅಪಾಯ, ಇಡೀ ಇಳಿಜಾರೇ ಕಲ್ಲು ಕಳಕೊಂಡಿದೆ, ದರ್ಜೆ ಬರೆಯುವುದು ಇಳಿಜಾರಿಗೇ ಹೊರತು ಒಬ್ಬೊಬ್ಬರ ಹೆಸರಿಗಲ್ಲ ಎಂದರು. ಉಳುಮೆಗೆ ಸಲ್ಲದು ಎಂದು ಈ ಸಲ ಬರೆದುಕೊಂಡು ಹೋದರು. ಯಾರೂ ಮಜ್ಜಿಗೆ ಕೊಡಲಿಲ್ಲ.

ದರಖಾಸ್ತು ರದ್ದಾಯಿತು. ಗುಡಿಸಲು ಕಿತ್ತರು. ಗಂಗಣ್ಣ ಮತ್ತೆ ಅಮೃತೂರಿನ ತೋಟಗಳಲ್ಲಿ ಕಾಯಿ ಸುಲಿಯಲು ಹೋದ. ಹೊಂಬಾಳಮ್ಮ ಬಾವಿಗೆ ಬಂದರೆ ಹೆಂಗಸರು ಹಗ್ಗ ಎಳೆದುಕೊಂಡು ಹೊರಡುತ್ತಿದ್ದರು. ಗಂಡನನ್ನು ತಿಂದುಕೊಂಡಳು, ತನಗಿಲ್ಲದ್ದು ಯಾರಿಗೂ ಬೇಡ ಅಂತ ನಮ್ಮ ಅನ್ನವನ್ನೂ ತಿಂದಳು ಎಂದು ಚೆನ್ನಮ್ಮ ಎಲ್ಲರ ಎದುರಿಗೇ ಅಂದಳು. ಗುಡ್ಡೆಯಾದರೂ ಬಿದ್ದಿದ್ದರೆ ಒಂದು ಮಾತು. ಆ ವರ್ಷ ಬೀಳಲಿಲ್ಲ. ಮುಂದಿನ ಮಳೆಗಾಲದಲ್ಲೂ ಬೀಳಲಿಲ್ಲ. ಎಲ್ಲೇ ಬಿತ್ತು ನಿನ್ನ ಗುಡ್ಡೆ ಎಂದು ಕೇಳಿ ಕೇಳಿ ಪಾಳ್ಯದವರಿಗೆ ಅದೊಂದು ರೂಢಿಯಾಯಿತು.

ಮಳೆ ಹಿಡಿದಾಗಲೆಲ್ಲ ಹೊಂಬಾಳಮ್ಮ ಗುಡ್ಡದ ಬುಡಕ್ಕೆ ಹೋಗಿ ತಲೆಯೆತ್ತಿ ನೋಡುತ್ತಿದ್ದಳು. ಒಂದು ಸಲ ಬಿದ್ದುಬಿಡಬಾರದೇ ಎಂದು ಅವಳ ಮನಸ್ಸು ಕೇಳುತ್ತಿತ್ತು. ಖಾಲಿ ಹೊಲದ ಮೇಲೆ ಬೀಳಲಿ, ಯಾರಿಗೂ ಏನೂ ಆಗದಿರಲಿ, ಆದರೆ ಬೀಳಲಿ. ಹಾಗೆ ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಆದರೂ ಮತ್ತೆ ಹೋಗಿ ನಿಲ್ಲುತ್ತಿದ್ದಳು.

ದರಖಾಸ್ತು ರದ್ದಾದ ಮೂರನೆಯ ವರ್ಷದ ಸ್ವಾತಿ ಮಳೆಯಲ್ಲಿ ಹಾಗೇ ಹೋದಾಗ, ಗುಡ್ಡೆಯ ನೇರ ಕೆಳಗೆ ಒಬ್ಬಳು ಗೋಣಿ ಕೊಪ್ಪೆ ಹಾಕಿಕೊಂಡು ಹುಲ್ಲು ಕೊಯ್ಯುತ್ತಿದ್ದಳು. ಚೆನ್ನಮ್ಮ. ಹೊಂಬಾಳಮ್ಮ ನಿಂತಲ್ಲೇ ನಿಂತಳು. ಈಗ ಬಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಆ ಯೋಚನೆ ಬಂದದ್ದು ನಿಜ, ಬಂದದ್ದು ತನಗೇ ಎಂದು ಅವಳಿಗೆ ತಿಳಿದದ್ದೂ ನಿಜ.

ಕೂಗಿದಳು. ಚೆನ್ನಮ್ಮ ಒಮ್ಮೆ ತಿರುಗಿ ನೋಡಿ, ಮತ್ತೆ ಬಗ್ಗಿ ಕೊಯ್ಯತೊಡಗಿದಳು. ಹೊಂಬಾಳಮ್ಮ ಸೀರೆ ಎತ್ತಿ ಕಟ್ಟಿ, ಕೆಸರಲ್ಲಿ ಕಾಲು ಕೀಳುತ್ತಾ ಮೇಲೆ ಹತ್ತಿದಳು. ಸೊಂಟದ ಕುಡುಗೋಲು ತೆಗೆದು ಪಕ್ಕದಲ್ಲೇ ಕೂತು ಹುಲ್ಲು ಕೊಯ್ದು ಚೆನ್ನಮ್ಮನ ರಾಶಿಗೆ ಹಾಕಿದಳು. ಹೊರೆ ಬೇಗ ತುಂಬಿದರೆ ಅವಳು ಬೇಗ ಇಳಿಯುತ್ತಾಳೆ. ತಲೆಯ ಮೇಲೆ ಎಲ್ಲೋ ಸಣ್ಣ ಕಲ್ಲೊಂದು ಉರುಳಿ ನಿಂತ ಸದ್ದಾಯಿತು. ಇಬ್ಬರೂ ತಲೆ ಎತ್ತಲಿಲ್ಲ.

ಹೊರೆ ಕಟ್ಟಿದ ಮೇಲೆ ಚೆನ್ನಮ್ಮನಿಗೆ ಒಬ್ಬಳೇ ಎತ್ತಿಕೊಳ್ಳಲಾಗಲಿಲ್ಲ. ಹೊಂಬಾಳಮ್ಮ ಒಂದು ಕಡೆ ಕೈ ಕೊಟ್ಟು ಅವಳ ತಲೆಗೆ ಎತ್ತಿ ಇಟ್ಟಳು. ಹೊರೆಯ ಕೆಳಗಿನಿಂದ ಚೆನ್ನಮ್ಮ ಅಂದಳು. "ಬಿದ್ದಿಲ್ಲ ನೋಡು, ಇನ್ನೂವೆ."

"ಬೀಳದೇ ಇರ್ಲಿ ಬುಡು," ಎಂದಳು ಹೊಂಬಾಳಮ್ಮ. "ನೀನು ಮೊದ್ಲು ಇಳಿ."

ಚೆನ್ನಮ್ಮ ರಸ್ತೆ ಮುಟ್ಟುವ ತನಕ ಅವಳು ಗುಡ್ಡೆಯ ಕೆಳಗೆ ನಿಂತೇ ಇದ್ದಳು. ಆಮೇಲೆ ತಾನೂ ಇಳಿದಳು.