ಬೀಗ ಹಾಕಿದ ಮೂರು ಮನೆಗಳು

ಸಪನಾ ಕಟ್ಟಿಸುತ್ತಿದ್ದ ಎಂಟು ಮನೆಗಳಲ್ಲಿ ಆ ಮಳೆಗಾಲದ ಹೊತ್ತಿಗೆ ಮೂರು ಮುಗಿದಿದ್ದವು. ನಾಲ್ಕನೆಯದರ ಗೋಡೆ ಕಿಟಕಿಯ ಮಟ್ಟಕ್ಕೆ ಬಂದು ನಿಂತಿತ್ತು. ಉಳಿದ ನಾಲ್ಕು ಬರೀ ಬುನಾದಿ. ಅವುಗಳೊಳಗೆ ನೀರು ನಿಂತು ಕಪ್ಪೆಗಳು ಕೂಗುತ್ತಿದ್ದವು.

ಊರು ಮಾಳವಾಡಿ. ಬೀದರಿನಿಂದ ಜನವಾಡದ ಮೇಲೆ ಔರಾದಿಗೆ ಹೋಗುವ ಬಸ್ಸು ಹಿಡಿದು, ನಡುವೆ ಇಳಿದು ಎರಡು ಮೈಲಿ ನಡೆಯಬೇಕು. ಸಪನಾ ಬೀದರಿನವಳು, ಡಿಪ್ಲೊಮಾ ಮಾಡಿದ ಇಂಜಿನಿಯರು, ವಯಸ್ಸು ಇಪ್ಪತ್ತೊಂಬತ್ತು. ಬಡವರಿಗೆ ಕಡಿಮೆ ಖರ್ಚಿನಲ್ಲಿ ಮನೆ ಕಟ್ಟಿಕೊಡುವ ಸಂಸ್ಥೆಯೊಂದರಲ್ಲಿ ನಾಲ್ಕು ವರ್ಷದಿಂದ ಇದ್ದಳು. ಸಂಸ್ಥೆಯ ಪದ್ಧತಿ ಹೀಗಿತ್ತು: ಇಟ್ಟಿಗೆ, ಸಿಮೆಂಟು, ಗೋಡೆ ಕಟ್ಟುವ ಗೌಂಡಿ ಸಂಸ್ಥೆಯ ಕಡೆಯಿಂದ, ಮೈಮುರಿದು ದುಡಿಯುವುದು ಮನೆ ಪಡೆಯುವವರದು. ಆದರೆ ಅವರವರ ಮನೆಗಷ್ಟೇ ಅವರವರು ದುಡಿಯುವಂತಿರಲಿಲ್ಲ. ಎಂಟೂ ಮನೆಯವರು ಸೇರಿ ಒಂದೊಂದಾಗಿ ಎಂಟನ್ನೂ ಎಬ್ಬಿಸಬೇಕು. ಯಾರದು ಮೊದಲು ಎಂದು ಚೀಟಿ ಎತ್ತಿದ್ದರು.

ಎಂಟರಲ್ಲಿ ನಾಲ್ಕು ಬೌದ್ಧರಾದ ದಲಿತರ ಮನೆ, ನಾಲ್ಕು ಕುರಿ ಸಾಕುವವರ ಮನೆ. ಕೂಡಿ ಕಲ್ಲು ಹೊರುತ್ತಿದ್ದರು, ಕೂಡಿ ಸಿಮೆಂಟಿನ ಮಾಲು ಕಲಸುತ್ತಿದ್ದರು, ಕುಡಿಯುವ ನೀರಿನ ಕೊಡ ಮಾತ್ರ ಎರಡು ಇರುತ್ತಿದ್ದವು. ಸಪನಾ ತಾನೂ ಬೌದ್ಧರ ಮನೆಯ ಮಗಳೇ. ಆ ಎರಡು ಕೊಡಗಳನ್ನು ದಿನಾ ನೋಡುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ. ಗೋಡೆ ಏಳಲಿ, ಉಳಿದದ್ದು ತಾನಾಗಿ ಆಗುತ್ತದೆ ಎಂದುಕೊಂಡಿದ್ದಳು. ಸಂಸ್ಥೆಯ ಮುಖ್ಯಸ್ಥ ಶಿವಕಾಂತ ಸರ್ ತಿಂಗಳಿಗೊಮ್ಮೆ ಬಂದು ಎಲ್ಲರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು.

ಎರಡೂ ಕೊಡದ ನೀರು ಕುಡಿಯುತ್ತಿದ್ದವಳು ಒಬ್ಬಳೇ, ಸಿದ್ದೇಶ್ವರಿ. ಕುರಿ ಸಾಕುವ ಪುತಳಾಬಾಯಿಯ ಮಗಳು, ಇಪ್ಪತ್ತನಾಲ್ಕರ ಹೆಣ್ಣು. ಉದಗೀರದ ಕಡೆ ಕೊಟ್ಟಿದ್ದರು; ಗಂಡನ ಹೊಡೆತ ತಾಳದೆ ಎರಡು ವರ್ಷದ ಹಿಂದೆ ತಾಯಿಯ ಹತ್ತಿರ ಬಂದುಬಿಟ್ಟಿದ್ದಳು. ತಂದೆ ಇರಲಿಲ್ಲ. ಮಗ್ಗುಲಲ್ಲೇ ಇದ್ದ ಚಿಕ್ಕಪ್ಪ ಜ್ಞಾನೇಶ್ವರ, ಗಂಡನನ್ನು ಬಿಟ್ಟು ಬಂದವಳು ಎಂದು ಅವಳೊಡನೆ ಮಾತು ಬಿಟ್ಟಿದ್ದ. ಅವಳೂ ಅವನ ಹೊಸ್ತಿಲು ತುಳಿಯುತ್ತಿರಲಿಲ್ಲ.

ಮೊದಲ ಮನೆಯ ಕೆಲಸದಲ್ಲಿ ಅವಳು ಇಟ್ಟಿಗೆ ಹೊತ್ತಳು. ಎರಡನೆಯದರಲ್ಲಿ ಭಾಲ್ಕಿಯಿಂದ ಬರುತ್ತಿದ್ದ ಗೌಂಡಿ ಅಯ್ಯುಬನ ಪಕ್ಕ ನಿಂತು ಕೆಲಸ ನೋಡಿದಳು. ಮೂರನೆಯದರಲ್ಲಿ ಅವನ ಕೈಯಿಂದ ಕರಣೆ ಇಸಿದುಕೊಂಡು ತಾನೇ ಇಟ್ಟಿಗೆ ಕೂರಿಸತೊಡಗಿದಳು.

"ಈ ಹುಡುಗಿ ಕೈ ಸಾಫ್ ಅದ ರೀ ಮೇಡಮ್," ಎಂದಿದ್ದ ಅಯ್ಯುಬ. "ದಾರಕ್ಕ ಗುಂಡು ಕಟ್ಟಿ ಬಿಟ್ಟು ನೋಡ್ರಿ, ಒಂದು ನೂಲು ಆಕಡಿ ಈಕಡಿ ಇಲ್ಲ. ಭಾಲ್ಕಿಗಿ ಕಳಸ್ರಿ, ನಾ ಕೆಲಸ ಕೊಡಸ್ತೇನಿ."

ನಾಲ್ಕನೆಯ ಮನೆ ಅವಳದೇ, ಅವಳದೂ ಅವಳ ತಾಯಿಯದೂ. ಅದರ ಕಿಟಕಿಯ ಮಟ್ಟದವರೆಗಿನ ಗೋಡೆಯನ್ನು ಬಹುಪಾಲು ಅವಳೇ ಕಟ್ಟಿದ್ದಳು.

ಸೆಪ್ಟೆಂಬರಿನಲ್ಲಿ ಮಳೆ ಹಿಡಿಯಿತು. ಸೋಮವಾರ ಶುರುವಾದದ್ದು ಶುಕ್ರವಾರವಾದರೂ ಬಿಡಲಿಲ್ಲ. ಕೆಲಸ ನಿಂತು ಸಪನಾ ಬೀದರಿಗೆ ಬಂದಿದ್ದಳು. ಮುಗಿದ ಮೂರು ಮನೆಗಳ ಚಾವಿಗಳು ಅವಳ ಬ್ಯಾಗಿನಲ್ಲಿದ್ದವು. ಆ ಮನೆಗಳು ಮುಗಿದು ಒಂದೂವರೆ ತಿಂಗಳಾಗಿತ್ತು. ಹಣ ಕೊಟ್ಟವರು ಹೈದರಾಬಾದಿನಿಂದ ಬಂದು ರಿಬ್ಬನ್ ಕತ್ತರಿಸಬೇಕಿತ್ತು; ಎರಡು ಸಲ ತಾರೀಖು ಮುಂದೆ ಹೋಗಿ ಈಗ ಭಾನುವಾರಕ್ಕೆ ಗಟ್ಟಿಯಾಗಿತ್ತು. ಅಲ್ಲಿಯವರೆಗೆ ಯಾರೂ ಒಳಗೆ ಹೋಗುವಂತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಸಿದ್ದೇಶ್ವರಿಯ ಫೋನು ಬಂತು.

"ಅಕ್ಕಾ, ನಮ್ಮ ಮನಿ ಹಿಂದಿನ ಗೋಡಿ ಹೊಟ್ಟಿ ಬಂದದ ರೀ. ಗುಂಡು ಬಿಟ್ಟು ನೋಡೀನಿ, ನಾಕು ಬೆರಳು ಹೊರಗ ಬಂದದ. ಮ್ಯಾಲ ಮಾಳಗಿ ಮಣ್ಣು ನೀರು ಕುಡದು ಕುಂತದ."

ಸಪನಾಗೆ ಆ ಮನೆ ಗೊತ್ತಿತ್ತು. ಕಲ್ಲು, ಕೆಸರುಮಣ್ಣಿನ ಗೋಡೆ. ಮೇಲೆ ತೊಲೆ, ತೊಲೆಯ ಮೇಲೆ ಒಂದು ಮೊಳ ದಪ್ಪದ ಮಣ್ಣಿನ ಚಾವಣಿ.

"ಹೊರಗ ಬರ್ರಿ ಮೊದಲ. ಸಾಲ್ಯಾಗ ಇರ್ರಿ ಎರಡ್ ದಿನ."

"ಸಾಲಿ ತುಂಬ ಸೋರಲತ್ತದ ರೀ, ಮಾಸ್ತರರು ಕೀಲಿ ಹಾಕ್ಕೊಂಡು ಹೋಗ್ಯಾರ."

"ನಿಮ್ಮ ಕಾಕಾನ ಮನಿ?"

ಅವಳು ಸಣ್ಣಗೆ ನಕ್ಕಳು. "ಅವ್ವಗ ಜಾಗ ಅದ ರೀ ಅಲ್ಲಿ, ನನಗಿಲ್ಲ. ನನ್ನ ಬಿಟ್ಟು ಅವ್ವ ಹೋಗಲ್ಲ. ಒಂದನೇ ನಂಬರ ಮನಿ ಚಾವಿ ಕೊಡ್ರಿ ಅಕ್ಕಾ, ಎರಡ್ ದಿನದ ಮಾತು. ಕೌಸಲ್ಯಾಬಾಯಿನ ಕೇಳೀನಿ, ಹೂಂ ಅಂದಾರ."

ಒಂದನೇ ನಂಬರಿನ ಮನೆ ಚೀಟಿಯಲ್ಲಿ ಕೌಸಲ್ಯಾಬಾಯಿಗೆ ಬಂದಿತ್ತು. ಬೌದ್ಧರ ಪೈಕಿ ಹಿರಿಯಳು, ಅಂಗನವಾಡಿಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಈಗ ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ತಗಡಿನ ಶೆಡ್ಡಿನಲ್ಲಿ ಒತ್ತೊತ್ತಾಗಿ ಇದ್ದಳು.

ಸಪನಾ ಶಿವಕಾಂತ ಸರ್ ಕೋಣೆಗೆ ಹೋದಳು. ಅವರು ಭಾನುವಾರದ ಶಾಮಿಯಾನದವನೊಂದಿಗೆ ಮಾತಾಡುತ್ತಿದ್ದರು. ಕೇಳಿಸಿಕೊಂಡು ತಲೆಯಾಡಿಸಿದರು.

"ಇವತ್ತ ಒಬ್ಬರಿಗಿ ತೆಗದ್ರ ನಾಳಿ ಎಂಟೂ ಮನಿಯವರು ಬರ್ತಾರ. ಕುರಿ ಮರಿನೂ ಒಳಗ ಹೊಗ್ತಾವ. ಹೊಸಾ ಫರಶಿ, ಹೊಸಾ ಸುಣ್ಣ. ಬಂದವರಿಗಿ ಏನ್ ತೋರಸೋದು? ಇನ್ನೂ ಐದು ಮನಿ ರೊಕ್ಕ ಅವರ ಕೈಯಾಗ ಅದ, ಸಪನಾ. ಐತಾರ ತನಕ ತಡೀರಿ ಅಂತ ಹೇಳ್ರಿ."

ವಾದ ಮಾಡಬಹುದಿತ್ತು. ಬಸ್ಸು ಹತ್ತಿ ಹೋಗಿ ಕೇಳದೆಯೇ ಬೀಗ ತೆಗೆದು ಕೊಡಬಹುದಿತ್ತು. ಇವೆರಡನ್ನೂ ಅವಳು ಆಮೇಲೆ ಎಷ್ಟೋ ದಿನ ಯೋಚಿಸಿದಳು. ಆ ಹೊತ್ತಿನಲ್ಲಿ ಮಾತ್ರ ಇನ್ನೂ ಐದು ಮನೆ ಎಂಬ ಮಾತು ಅವಳಿಗೆ ಸರಿಯಾಗಿಯೇ ಕೇಳಿಸಿತು. ಸಿದ್ದೇಶ್ವರಿಗೆ ಫೋನು ಮಾಡಿ ಹೇಳಿದಳು.

"ಆತ್ರಿ ಅಕ್ಕಾ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಐತಾರ ಏನು ದೂರಿಲ್ಲ. ಗೋಡಿಗಿ ಒಂದು ಕಟಗಿ ಆನಿಸಿ ನಿಲ್ಲಸ್ತೇನಿ."

ಶನಿವಾರ ಬೆಳಿಗ್ಗೆ ಆರೂವರೆಗೆ ಕೌಸಲ್ಯಾಬಾಯಿಯ ಫೋನು. "ಸಪನಾ, ಗೋಡಿ ಬಿತ್ತವ್ವಾ. ಪುತಳಾಬಾಯಿ ಕುರಿ ನೋಡಲಾಕ ಹೊರಗ ಬಂದಿದ್ಳು. ಸಿದ್ದು ಒಲಿ ಮುಂದಿದ್ಳು."

ಔರಾದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಸಪನಾಗೆ ದಾರಿಯುದ್ದಕ್ಕೂ ಏನೂ ಕಾಣಲಿಲ್ಲ. ಇಳಿದು ಆ ಎರಡು ಮೈಲಿ ಕೆಸರಿನಲ್ಲಿ ಓಡಿದಳು.

ಆಗಲೇ ಹೊರತೆಗೆದಿದ್ದರು. ತಮ್ಮ ಮನೆಗಳ ಕೆಲಸಕ್ಕೆ ಬಳಸುತ್ತಿದ್ದ ಸನಿಕೆ, ಪುಟ್ಟಿಗಳಿಂದಲೇ ಎರಡೂ ಕಡೆಯವರು ಕೂಡಿ ಮಣ್ಣು ತೋಡಿದ್ದರು. ಸಿದ್ದೇಶ್ವರಿಯನ್ನು ಹೊರಸಿನ ಮೇಲೆ ಮಲಗಿಸಿ ಮೇಲೆ ತಾಡಪತ್ರಿ ಹೊದಿಸಿದ್ದರು. ಮಳೆ ತಾಡಪತ್ರಿಯ ಮೇಲೆ ಬಡಿಯುತ್ತಿತ್ತು. ಅಂಚಿನಿಂದ ಮಣ್ಣುನೀರು ಇಳಿಯುತ್ತಿತ್ತು. ಪುತಳಾಬಾಯಿ ಮಗಳ ಪಾದ ಹಿಡಿದುಕೊಂಡು ಕೆಸರಿನಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ಬೆರಳ ಸಂದಿಯ ಮಣ್ಣು ತೆಗೆಯುತ್ತಿದ್ದಳು.

"ಮಳ್ಯಾಗ ಇಡಬ್ಯಾಡ್ರಿ ಆಕಿನ," ಎಂದಳು ಕೌಸಲ್ಯಾಬಾಯಿ. "ನನ್ನ ಮನ್ಯಾಗ ತರ್ರಿ. ಅಗೋ, ಆ ಹೊಸಾ ಮನ್ಯಾಗ."

ಚಿಕ್ಕಪ್ಪ ಜ್ಞಾನೇಶ್ವರ ಅಡ್ಡ ನಿಂತ. "ಬ್ಯಾಡ. ನಮ್ಮ ಹೆಣ್ಣು, ಅವರ ಮನ್ಯಾಗ್ಯಾಕ? ಏನಿದ್ರೂ ನಾವು ನೋಡ್ಕೋತೀವಿ."

ಪುತಳಾಬಾಯಿ ಮೊದಲ ಸಲ ತಲೆಯೆತ್ತಿದಳು. "ನಿನ್ನೆ ನಿನ್ನ ಮನಿ ಎಲ್ಲಿತ್ತು, ಜ್ಞಾನು?"

ಅವನು ಪಕ್ಕಕ್ಕೆ ಸರಿದ.

ಕೌಸಲ್ಯಾಬಾಯಿ ಅಯ್ಯುಬ ಬಿಟ್ಟುಹೋಗಿದ್ದ ಸುತ್ತಿಗೆ ಎತ್ತಿಕೊಂಡು ಒಂದನೇ ನಂಬರಿನ ಮನೆಯ ಮೆಟ್ಟಿಲು ಹತ್ತಿದಳು. ಸಪನಾ ಹಿಂದಿನಿಂದ ಓಡಿಹೋಗಿ ಬ್ಯಾಗಿನಿಂದ ಚಾವಿ ತೆಗೆದು ಹಿಡಿದಳು. ಮುದುಕಿ ಚಾವಿಯನ್ನು ನೋಡಿದಳು, ಸಪನಾಳ ಮುಖ ನೋಡಿದಳು.

"ಈಗ್ಯಾಕ ತಂದಿ?" ಎಂದಳು. ದನಿ ಏರಿಸಲಿಲ್ಲ. ಚಾವಿ ಮುಟ್ಟಲಿಲ್ಲ. ಎರಡು ಕೈಯಿಂದ ಸುತ್ತಿಗೆ ಎತ್ತಿ ಬೀಗದ ಮೇಲೆ ಹೊಡೆದಳು. ನಾಲ್ಕನೆಯ ಏಟಿಗೆ ಕೊಂಡಿ ಕಿತ್ತು ಬಂತು.

ನಾಲ್ವರು ಹೊರಸು ಹೊತ್ತು ತಂದರು. ಅವರಲ್ಲಿಬ್ಬರು ಅದುವರೆಗೆ ಬೌದ್ಧರ ಹೊಸ್ತಿಲು ದಾಟಿದವರಲ್ಲ. ಹೊಸ ಫರಶಿ ನೆಲದ ತುಂಬ ಕೆಸರಿನ ಹೆಜ್ಜೆ. ಜ್ಞಾನೇಶ್ವರ ಮಾತ್ರ ಕೊನೆಯವರೆಗೂ ಮಳೆಯಲ್ಲೇ ನಿಂತಿದ್ದ. ಕೌಸಲ್ಯಾಬಾಯಿ ನೀರು ಕಾಯಿಸಿ ತಂದು ಪುತಳಾಬಾಯಿಯೊಂದಿಗೆ ಕೂತು ಹುಡುಗಿಯ ಮುಖ ತೊಳೆದಳು. ಸಪನಾ ಗೋಡೆಗೆ ಆತು ನಿಂತಿದ್ದಳು; ಯಾರೂ ಅವಳಿಗೆ ಒಂದು ಕೆಲಸ ಹೇಳಲಿಲ್ಲ.

ಹತ್ತೂವರೆಗೆ ಶಿವಕಾಂತ ಸರ್ ಫೋನು ಮಾಡಿದರು. "ಭಾಳ ಕೆಟ್ಟದಾತು ಸಪನಾ. ಕಂದಾಯದವರು ಪಂಚನಾಮಿಗಿ ಬರ್ತಾರ. ಆ ಮೂರು ಮನಿ ಇನ್ನೂ ಮುಗದಿಲ್ಲ, ಲೈಟಿಂದು ಕೆಲಸ ಬಾಕಿ ಅದ ಅಂತ ಹೇಳ್ರಿ. ನಾ ನನ್ನ ಸಲುವಾಗಿ ಹೇಳಲತ್ತಿಲ್ಲ. ಉಳದವರ ಮನಿ ಇದರ ಮ್ಯಾಲ ನಿಂತಾವ, ಅದನ್ನ ಯೋಚನಿ ಮಾಡ್ರಿ."

ಉಳಿದವರ ಮನೆಗಳ ಮಾತು ಸುಳ್ಳಾಗಿರಲಿಲ್ಲ. ಮಧ್ಯಾಹ್ನ ಅಧಿಕಾರಿಣಿಯೊಬ್ಬರು ಛತ್ರಿ ಹಿಡಿದು ಬಂದು, ಬಿದ್ದ ಗೋಡೆ ಅಳತೆ ಮಾಡಿಸಿ, ಕಾಗದ ತೊಡೆಯ ಮೇಲಿಟ್ಟುಕೊಂಡು ಕೇಳಿದರು: "ಗೋಡಿ ಬಾಗಿದ್ದು ಮೊದಲ ಗೊತ್ತಿತ್ತೇನು? ಇರಲಾಕ ಬೇರೆ ಜಾಗ ಇದ್ದಿಲ್ಲೇನು?"

ಸುತ್ತ ನಿಂತಿದ್ದ ಎಂಟೂ ಮನೆಯವರು ಸಪನಾಳನ್ನು ನೋಡಿದರು.

"ಇತ್ರಿ," ಎಂದಳು ಅವಳು. "ಮೂರು ಮನಿ ಮುಗದು ಒಂದೂವರಿ ತಿಂಗಳಾಗ್ಯಾದ. ಆಕಿ ನಿನ್ನೆ ನನಗ ಫೋನ್ ಮಾಡಿ ಗೋಡಿ ಬಾಗ್ಯಾದ ಅಂದ್ಳು, ಚಾವಿ ಕೇಳಿದ್ಳು. ನಾ ಕೊಡಲಿಲ್ಲ."

ಅಧಿಕಾರಿಣಿ ಅದನ್ನು ಹಾಗೇ ಬರೆದುಕೊಂಡರು. ಶವಪರೀಕ್ಷೆಗೆ ಔರಾದಿನ ಆಸ್ಪತ್ರೆಗೆ ಒಯ್ದು ತಂದು ಸಂಜೆ ಹೊತ್ತು ಮುಳುಗುವ ಮೊದಲು ಸಿದ್ದೇಶ್ವರಿಯನ್ನು ಪುತಳಾಬಾಯಿಯ ಹೊಲದಲ್ಲಿ ಮಣ್ಣು ಮಾಡಿದರು.

ಭಾನುವಾರ ಹೈದರಾಬಾದಿನವರು ಬರಲಿಲ್ಲ. ಮುಂದಿನ ವಾರ ಸುದ್ದಿ ಪತ್ರಿಕೆಗೆ ಹೋಯಿತು. ಹದಿನೈದು ದಿನಕ್ಕೆ ಅವರು ಕೈ ತೊಳೆದುಕೊಂಡರು. ಸಂಸ್ಥೆ ಮಾಳವಾಡಿಯ ಕೆಲಸ ನಿಲ್ಲಿಸಿತು, ಸಪನಾಳನ್ನೂ ಕೆಲಸದಿಂದ ಬಿಡಿಸಿತು. ಅವಳು ಕೊನೆಯ ಸಲ ಸಾಮಾನಿನ ಪಟ್ಟಿ ಮಾಡಲು ಹೋದಾಗ ಐದನೇ ನಂಬರಿನ ನರಸಿಂಗ ತನ್ನ ಬುನಾದಿಯ ಮೇಲೆ ಕೂತಿದ್ದ. ಒಂದು ವರ್ಷ ಬೇರೆಯವರ ಮನೆಗಳಿಗೆ ಕಲ್ಲು ಹೊತ್ತವನು.

"ಖರೇ ಹೇಳಿದ್ರಿ, ಛಲೋ ಮಾಡಿದ್ರಿ," ಎಂದ. "ಸತ್ತಾಕಿ ತಿರುಗಿ ಬರಲಿಲ್ಲ. ನನ್ನ ಮನಿ ಹೋತು. ಶುಕ್ರವಾರ ಆ ಖರೇ ಎಲ್ಲಿ ಹೋಗಿತ್ರಿ ಮೇಡಮ್?"

ಉತ್ತರಕ್ಕೆ ಕಾಯದೆ ಎದ್ದು ಹೋದ.

ಪುತಳಾಬಾಯಿ ಹೊಲದ ಕುರಿಹಟ್ಟಿಯಲ್ಲಿ ಇರತೊಡಗಿದ್ದಳು. ಕೌಸಲ್ಯಾಬಾಯಿ ಎಷ್ಟು ಕರೆದರೂ ಬರಲಿಲ್ಲ. ಸಂಸ್ಥೆ ಸ್ಥಳದಲ್ಲೇ ಬಿಟ್ಟುಹೋದ ಇಟ್ಟಿಗೆ, ಸಿಮೆಂಟು ಒಂದು ಮನೆಗೆ ಸಾಕಾಗುವಷ್ಟಿತ್ತು. ಅದನ್ನು ನಾಲ್ಕು ಬುನಾದಿಯವರು ಹಂಚಿಕೊಂಡು ಮಾರಿಕೊಳ್ಳಬೇಕು ಎಂದು ಮಾತು ಎದ್ದಿತ್ತು. ಅದರಿಂದ ಪುತಳಾಬಾಯಿಯ ಮನೆ ಮುಗಿಸೋಣ ಎಂದು ಕೌಸಲ್ಯಾಬಾಯಿ ಮೂರು ದಿನ ಮನೆಮನೆಗೆ ತಿರುಗಿದಳು. ಒಬ್ಬಿಬ್ಬರು ಬೈದು ಕಳಿಸಿದರು. ಕೊನೆಗೆ ನರಸಿಂಗನೇ, "ಕಟ್ರಿ ಆ ಮುದುಕಿದು. ನಮ್ಮದು ಹ್ಯಾಂಗೂ ಹೋಗ್ಯಾದ," ಎಂದು ಎದ್ದ. ಅಯ್ಯುಬ ಭಾನುವಾರ ಭಾನುವಾರ ಕೂಲಿಯಿಲ್ಲದೆ ಬರುತ್ತೇನೆಂದ.

ಸಪನಾಗೆ ಭಾಲ್ಕಿಯಲ್ಲಿ ಕಾಲುವೆ ಕಟ್ಟಿಸುವ ಗುತ್ತಿಗೆದಾರನೊಬ್ಬನ ಹತ್ತಿರ ಕೆಲಸ ಸಿಕ್ಕಿತ್ತು. ಅವಳೂ ಭಾನುವಾರ ಬರತೊಡಗಿದಳು. ಬಂದು ಪುಟ್ಟಿ ಹಿಡಿದು ಮಾಲು ಹೊತ್ತಳು. ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಸಿದ್ದೇಶ್ವರಿ ಬಿಟ್ಟುಹೋದ ಇಟ್ಟಿಗೆ ವರಸೆಯ ಮೇಲೆ ಅಯ್ಯುಬ ಇಟ್ಟಿಗೆ ಇಡುವಾಗ ಪ್ರತಿಸಲವೂ ಒಂದು ಗಳಿಗೆ ತಡೆದು ಕೆಳಗಿನ ಗೋಡೆ ಸವರುತ್ತಿದ್ದ. ಪುತಳಾಬಾಯಿ ದೂರದಲ್ಲಿ ಕುರಿ ಮೇಯಿಸುತ್ತ ನೋಡುತ್ತಿದ್ದಳು, ಹತ್ತಿರ ಬರುತ್ತಿರಲಿಲ್ಲ.

ಜನವರಿಯ ಕೊನೆಗೆ ಚಾವಣಿ ಹಾಕಿದ್ದಾಯಿತು, ಬಾಗಿಲು ಕೂತಿತು. ಪೂಜೆ, ಊಟ ಏನೂ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಪುತಳಾಬಾಯಿ ತಾನೇ ಬಂದು ಒಳಗೆ ಹೋದಳು. ಗೋಡೆಗಳನ್ನು ಒಂದು ಸುತ್ತು ನೋಡಿದಳು. ಕಿಟಕಿಯ ಮಟ್ಟದವರೆಗೆ ಕೈಯಾಡಿಸಿದಳು, ಅದರಿಂದ ಮೇಲಕ್ಕೆ ಎತ್ತಲಿಲ್ಲ. ಆಮೇಲೆ ಹೊರಗೆ ಬಂದು, ಅಂಗಳ ಗುಡಿಸುತ್ತಿದ್ದ ಸಪನಾಳ ಎದುರು ನಿಂತಳು.

"ಮನಿ ಆತು," ಎಂದಳು.

"ಹೂಂ ರೀ ಅವ್ವಾ."

"ನೀವು ಕೆಟ್ಟವರು ಅಂತ ನಾ ಎಲ್ಲೂ ಅಂದಿಲ್ಲ. ಆದ್ರ ನಿಮ್ಮನ್ನ ಕಂಡ್ರ ನನಗ ಅನ್ನ ಇಳಿಯಲ್ಲ. ಇನ್ನ ಬರಬ್ಯಾಡ್ರಿ."

ಸಪನಾ ಕಸಬರಿಗೆ ಗೋಡೆಗೆ ಆನಿಸಿ ಇಟ್ಟಳು. "ಆತ್ರಿ," ಎಂದಳು.

ಕೌಸಲ್ಯಾಬಾಯಿ ಸಡಕಿನವರೆಗೆ ಜೊತೆಗೆ ಬಂದಳು. ದಾರಿಯ ಎರಡೂ ಕಡೆ ಕಡಲೆ ಒಣಗಿ ಕಟಾವಿಗೆ ಬಂದಿತ್ತು. ಔರಾದಿನ ಕಡೆಯಿಂದ ಬಸ್ಸು ಬಂದು ನಿಂತಿತು. ಕೂರಲು ಜಾಗ ಇರಲಿಲ್ಲ. ಸಪನಾ ಬಾಗಿಲ ಹತ್ತಿರದ ಕಂಬಿ ಹಿಡಿದು ಬೀದರಿನವರೆಗೂ ನಿಂತೇ ಹೋದಳು.