ಗಾಜಿಗೆ ಅಂಟಿದ ಕೊಕ್ಕರೆ

ಸ್ಕ್ಯಾನರಿನ ಮುಚ್ಚಳ ಎತ್ತಿದರೂ ಕಾಗದ ಮೇಲೆ ಬರಲಿಲ್ಲ. ಚಿನಾಮಿ ಒಂದು ಮೂಲೆಯನ್ನು ಉಗುರಿನಿಂದ ಮೀಟಿದಳು. ಚಿರ್ ಎಂದು ಸಣ್ಣ ಸದ್ದಾಯಿತು. ಅವಳ ಕೈ ಅಲ್ಲೇ ನಿಂತಿತು.

ಗಾಜಿಗೆ ಮುಖವೊತ್ತಿ ಮಲಗಿದ್ದದ್ದು ತೊಕುನಾಗಾ ಗುರುಗಳು ಬರೆದ ಕೊಕ್ಕರೆ. ಮಕ್ಕಳ ಪುಸ್ತಕಕ್ಕೆ ಅವರು ಕುಂಚದಲ್ಲಿ ಗೆರೆ ಎಳೆಯುವುದು, ಇವಳು ಅದನ್ನು ಕಂಪ್ಯೂಟರಿಗೆ ಇಳಿಸಿ ಬಣ್ಣ ತುಂಬುವುದು. ಹನ್ನೊಂದು ಪುಟ ಹೀಗೇ ಮುಗಿದಿತ್ತು. ಇದು ಕೊನೆಯದು. ಗುರುಗಳ ಬಲಗೈ ಈಗ ಚಹಾದ ಬಟ್ಟಲನ್ನೂ ನೆಟ್ಟಗೆ ಹಿಡಿಯುತ್ತಿರಲಿಲ್ಲ. ಈ ಒಂದು ಚಿತ್ರಕ್ಕೆ ಮೂರು ತಿಂಗಳು ಹಿಡಿದಿತ್ತು. ಇನ್ನೊಂದು ಬರೆಯುವ ಮಾತೇ ಇರಲಿಲ್ಲ.

ನಿನ್ನೆಯಷ್ಟೇ ಅವರು ರೆಕ್ಕೆಗೆ ಚಿಪ್ಪಿನ ಪುಡಿಯ ಬಿಳಿ ಹಚ್ಚಿ ಕೊಟ್ಟಿದ್ದರು. ಜೂನ್ ಮಳೆಯಲ್ಲಿ ಆ ಬಣ್ಣದ ಅಂಟು ಬೇಗ ಆರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಅಂಚನ್ನು ಮುಟ್ಟಿ, ಒಣಗಿದೆ ಅಂದುಕೊಂಡು, ಮಗುಚಿ ಹಾಕಿ ಮುಚ್ಚಳ ಒತ್ತಿದ್ದಳು.

ಫೋನನ್ನು ಎರಡು ಸಲ ಎತ್ತಿ ಕೆಳಗಿಟ್ಟಳು. ಮೂರನೆಯ ಸಲ ಕರೆ ಮಾಡಿದಳು.

"ಗುರುಗಳೇ... ಕೊಕ್ಕರೆ ಗಾಜಿಗೆ ಅಂಟ್ಕೊಂಡ್‌ಬಿಟ್ಟಿದೆ."



"ಎಳೆದೆಯೇನೇ?"

"ಒಂದು ಮೂಲೆ. ಸ್ವಲ್ಪ."

"ಇನ್ನು ಮುಟ್ಬೇಡ. ನೀರು ಕಾಯಿಸು. ಚಹಾಕ್ಕೂ ಸೇರಿಸೇ ಇಡು. ನಿಧಾನಕ್ಕೆ ಬರ್ತೀನಿ, ಅವಸರ ಏನಿಲ್ಲ."

ಅವರ ಮನೆ ಬೀದಿಯ ತಿರುವಿನಲ್ಲೇ. ನೀರು ಕುದಿಯುವ ಮೊದಲೇ ಬಾಗಿಲು ಸರಿಯಿತು. ಗುರುಗಳ ಹೆಗಲು ಪೂರ್ತಿ ನೆನೆದಿತ್ತು.

"ನಿನ್ನ ಯಂತ್ರಕ್ಕೂ ರುಚಿ ಗೊತ್ತು ಕಣೇ," ಬಗ್ಗಿ ನೋಡಿ ಅಂದರು. "ಹನ್ನೊಂದನ್ನ ಬಿಟ್ಟು ಇದನ್ನೇ ಕಚ್ಕೊಂಡಿದೆ."

ಅವಳಿಗೆ ನಗು ಬರಲಿಲ್ಲ. "ನೀವೇ ಬಿಡಿಸಿ. ನನ್ನ ಕೈಲಾಗಲ್ಲ."

"ಈ ಕೈಯಲ್ಲಾ?" ನಡುಗುವ ಕೈ ಎತ್ತಿ ತೋರಿಸಿದರು. "ಹರಿಯೋದಾದ್ರೆ ಹೇಳು, ಚೆನ್ನಾಗಿ ಹರಿಯತ್ತೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡು. ಕಾಗದದ ಬೆನ್ನಿನ ಮೇಲೆ ಹಾಸು. ಒತ್ತಬೇಡ. ಉಸಿರಾಡೇ, ಮೊದಲು."

ಕಾಗದ ಮೆಲ್ಲಗೆ ಸಡಿಲವಾಯಿತು.

"ಎತ್ತಬೇಡ, ಸುರುಳಿ ಸುತ್ಕೊಂಡು ಹೋಗು. ಮಲಗಿರೋ ಮಗುವಿನ ಹೊದಿಕೆ ಸರಿಸ್ದಂಗೆ."

ಕೊಕ್ಕು ಬಂತು. ಕುತ್ತಿಗೆ ಬಂತು. ರೆಕ್ಕೆಯ ಹತ್ತಿರ ಅವಳು ಕಣ್ಣು ಮುಚ್ಚಿದಳು.

"ಕಣ್ಣು ಬಿಡೇ!" ಗುರುಗಳ ದನಿ ಒಡೆದಿತ್ತು.

ಒಂದು ಗೆರೆಯೂ ಹೋಗಿರಲಿಲ್ಲ. ಬಿಳಿ ಮಾತ್ರ ಗಾಜಿನ ಮೇಲೆ ಉಳಿದಿತ್ತು, ಒಂದೊಂದು ಗರಿಯೂ ಕಾಣುವ ಹಾಗೆ.

"ಬಿಳೀನ ನೀನೇ ತುಂಬ್ಕೋ, ಕಂಪ್ಯೂಟರಲ್ಲಿ," ಅಂದರು ಗುರುಗಳು, ಕುರ್ಚಿಗೆ ಕುಸಿಯುತ್ತ. "ನಂದು ಹೇಗೂ ದಪ್ಪ ಆಗಿತ್ತು. ಎಲ್ಲಿ ಚಹಾ?"

ಅಡುಗೆಯ ಮೂಲೆ ಬಾಗಿಲ ಪಕ್ಕದಲ್ಲೇ ಇತ್ತು. ಕೆಟಲಿಗೆ ಕೈ ಚಾಚಿದ ಚಿನಾಮಿ ಕೆಳಗೆ ನೋಡಿದಳು. ಹೊಸ್ತಿಲಲ್ಲಿ ಗುರುಗಳ ಬೂಟು ಇರಲಿಲ್ಲ. ಅವರ ಮನೆಯ ಶೌಚದ ಕೋಣೆಯ ನೀಲಿ ಪ್ಲಾಸ್ಟಿಕ್ ಚಪ್ಪಲಿಗಳು ಬಿದ್ದಿದ್ದವು, ಆ ಕೋಣೆಯಿಂದಾಚೆ ಎಂದೂ ಕಾಲಿಡದಂಥವು. ಒಂದು ಮಗುಚಿಕೊಂಡಿತ್ತು.

ಅವಳು ಕುಕ್ಕರಗಾಲಲ್ಲಿ ಕೂತು ಅವುಗಳ ಕೆಸರು ಒರೆಸಿದಳು. ಜೋಡಿಸಿ, ಹೊರಡುವಾಗ ನೇರ ಕಾಲಿಗೆ ಸಿಗುವ ಹಾಗೆ ತುದಿ ಬೀದಿಯ ಕಡೆಗೆ ಮಾಡಿ ಇಟ್ಟಳು.